ಮರದ ಚಿಂತೆ ಬಿಡಿ, ಶಿವಮೊಗ್ಗಕ್ಕೆ ಹೋಗಿ ಬನ್ನಿ

ಕೇಂಬ್ರಿಜ್, ಇಂಗ್ಲೆಂಡ್
ಫೆಬ್ರವರಿ, ಭಾನುವಾರ

ತೀರ್ಥರೂಪು ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಚಿನ್ನೂನ ನೆಗಡಿ ವಾಸಿಯಾಯಿತು. ಅಮ್ಮ ಕಳಿಸಿದ ಅಪ್ಪೆಮಿಡಿ ಬಂದು ತಲುಪಿದೆ, ಡಬ್ಬಿ ಒಂಚೂರೂ ಸೋರಿಲ್ಲ. ಅಪ್ಪನ ಪತ್ರವೂ ಮೊನ್ನೆ ಕೈಸೇರಿತು.

ಅಪ್ಪ, ನೇರ ವಿಷಯಕ್ಕೆ ಬರುತ್ತೇನೆ. ವಿಲ್ಲೋ ಮರದಿಂದ ಮನೆ ಬಿರುಕು ಬಿಡುತ್ತೆ ಅಂತ ಭಾಸ್ಕರ ಹೇಳಿದ್ದನ್ನು ಕೇಳಿ, ಎರಡು ಪುಟ ಪೂರ್ತಿ ನಮ್ಮ ಹಿತ್ತಲಿನ ಇಳಿಬೀಳುವ ವಿಲ್ಲೋ ಮರದ ಬಗ್ಗೆ ಬರೆದಿದ್ದೀರಿ. ಕೊನೆಗೆ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ, "ಶಿವಮೊಗ್ಗದ ಚೆಕಪ್ ಈ ಸಲ ಬಿಟ್ಟಿದ್ದೇನೆ, ದುಡ್ಡು ಕೈಯಲ್ಲಿರಲಿ, ನಿಮ್ಮ ಮನೆ ರಿಪೇರಿಗೆ ಬೇಕಾದೀತು" ಅಂತ ಸೇರಿಸಿದ್ದೀರಿ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಬಂದಿಲ್ಲ. ಸ್ಟೆಂಟ್ ಹಾಕಿಸಿಕೊಂಡ ಎದೆ ನಿಮ್ಮದು. ಅದರ ತಪಾಸಣೆ ಬಿಟ್ಟು ಇಲ್ಲಿನ ಗೋಡೆಗೆ ದುಡ್ಡು ಎತ್ತಿಡುವುದು ಅಂದರೆ ಏನಪ್ಪಾ? ಫೋನಿನಲ್ಲಿ ಹೇಳಿದರೆ "ಆಯ್ತು ಆಯ್ತು" ಅಂತ ಇಟ್ಟುಬಿಡುತ್ತೀರಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿ.

ಭಾಸ್ಕರ ಹೇಳಿದ್ದು ಸುಳ್ಳಲ್ಲ. ವಿಲ್ಲೋ ಮರದಿಂದ ಈ ದೇಶದಲ್ಲಿ ಮನೆಗಳು ಬಿರುಕು ಬಿಟ್ಟಿರುವುದು ನಿಜ. ಆದರೆ ಅವನು ಹೇಳಿದ್ದು ಅರ್ಧ. ಬೇರು ಗೋಡೆಯನ್ನು ಗುದ್ದಿ ಒಡೆಯುತ್ತೆ ಅಂತ ನೀವು ತಿಳಿದುಕೊಂಡಿದ್ದೀರಿ. ಅಸಲಿಗೆ ತೊಂದರೆ ಮಾಡುವುದು ಮಣ್ಣು. ಇಲ್ಲಿ ನೆಲದಡಿ ಇರುವುದು ಜಿಗುಟು ಜೇಡಿಮಣ್ಣು. ಧಾರವಾಡದ ಕಡೆ ಎರೆ ಹೊಲ ಬೇಸಿಗೆಯಲ್ಲಿ ಕಾಲು ತೂರುವಷ್ಟು ಬಿರಿಯುತ್ತಲ್ಲ, ಹಾಗೆಯೇ ಇದೂ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ವಿಲ್ಲೋಗೆ ನೀರಿನ ದಾಹ ಜಾಸ್ತಿ. ಮಳೆಯಿಲ್ಲದ ಬೇಸಿಗೆಯಲ್ಲಿ ಅದು ಪಾಯದಡಿಯ ಮಣ್ಣಿನ ತೇವವನ್ನೂ ಹೀರಿದರೆ ಮಣ್ಣು ಕುಗ್ಗುತ್ತದೆ, ಪಾಯ ಒಂದು ಕಡೆ ಕೂರುತ್ತದೆ, ಗೋಡೆ ಬಿರಿಯುತ್ತದೆ. 1976ರಲ್ಲಿ ಇಂಗ್ಲೆಂಡಿನಲ್ಲಿ ದೊಡ್ಡ ಬರ ಬಿದ್ದಾಗ ಹೀಗೆ ಆದ ಮನೆಗಳು ತುಂಬಾ. 2022ರ ಬೇಸಿಗೆಯಲ್ಲೂ ಆಯಿತು. ಆ ವರ್ಷ ಈ ದೇಶದಲ್ಲಿ ಮೊದಲ ಸಲ 40 ಡಿಗ್ರಿ ದಾಟಿತ್ತು.

ಇದು ಮನೆಯ ಪಕ್ಕದಲ್ಲೇ ಮರ ಇದ್ದವರ ಕತೆ. ಇನ್ಶೂರೆನ್ಸ್‌ನವರು ಯಾವ ಮರ ಮನೆಯಿಂದ ಎಷ್ಟು ದೂರ ಇರಬೇಕು ಅಂತ ಒಂದು ಪಟ್ಟಿ ಇಟ್ಟುಕೊಂಡಿರುತ್ತಾರೆ. ಅದರಲ್ಲಿ ಅತಿ ದೂರ ಇರಬೇಕಾದದ್ದು ವಿಲ್ಲೋ, 40 ಮೀಟರ್. ಸೇಬಿನ ಮರಕ್ಕೆಲ್ಲ ಅದರ ಕಾಲು ಭಾಗ ಸಾಕು. ನಮ್ಮ ಹಿತ್ತಲು ಅಗಲ ಕಮ್ಮಿ, ಉದ್ದ ಜಾಸ್ತಿ, ಫೋಟೋದಲ್ಲಿ ನೋಡಿದ್ದೀರಿ. ಮರ ಇರುವುದು ತುತ್ತತುದಿಯಲ್ಲಿ, ಹಳ್ಳದ ಅಂಚಿನಲ್ಲಿ. ಮನೆ ಕೊಳ್ಳುವ ಮುಂಚೆಯೇ ಸರ್ವೇಯರ್ ಟೇಪ್ ಹಿಡಿದು ಅಳೆದಿದ್ದಾರೆ: ಹಿಂಬಾಗಿಲಿನಿಂದ ಬುಡಕ್ಕೆ 42 ಮೀಟರ್. ಹಳ್ಳದಲ್ಲಿ ವರ್ಷವಿಡೀ ನೀರು ಇರುತ್ತದೆ, ಮರಕ್ಕೆ ಮನೆಯ ಕಡೆ ನೀರು ಹುಡುಕಿಕೊಂಡು ಬರುವ ಅಗತ್ಯವೇ ಇಲ್ಲ. ನೀರಿನ ಪಸೆ ಎಲ್ಲಿದೆಯೋ ಬೇರು ಅಲ್ಲಿಗೆ ಅಂತ ನನಗೆ ತೋಟದಲ್ಲಿ ಹೇಳಿಕೊಟ್ಟವರು ನೀವೇ ಅಲ್ವಾ?

ಡ್ರೈನೇಜ್ ಬಗ್ಗೆಯೂ ಕೇಳಿದ್ದೀರಿ. ಗಟ್ಟಿಯಾಗಿರುವ ಪೈಪನ್ನು ಬೇರು ಒಡೆಯುವುದಿಲ್ಲ. ಹಳೇ ಮಣ್ಣಿನ ಪೈಪಿನ ಜಾಯಿಂಟ್ ಸಡಿಲವಾಗಿ ನೀರು ಜಿನುಗುತ್ತಿದ್ದರೆ ಆ ಸಂದಿಯಲ್ಲಿ ನುಸುಳಿ ಒಳಗೆ ಜಡೆಗಟ್ಟುತ್ತದೆ. ಇಲ್ಲಿನವರು ಅದನ್ನು ನೋಡುವ ರೀತಿ ನಿಮಗೆ ಖುಷಿ ಕೊಡುತ್ತೆ. ಒಂದು ಉದ್ದ ಕೇಬಲ್ಲಿನ ತುದಿಗೆ ದೀಪ, ಪುಟಾಣಿ ಕ್ಯಾಮೆರಾ ಕಟ್ಟಿ ಮ್ಯಾನ್‌ಹೋಲಿನಿಂದ ಒಳಗೆ ಬಿಡುತ್ತಾರೆ. ನಾವು ಮೇಲೆ ನಿಂತು ಟಿವಿಯಲ್ಲಿ ನೋಡುವುದು! ಶುರುವಿನಿಂದ ಕೊನೆಯವರೆಗೆ ನೋಡಿದೆವು. ಒಂದೇ ಒಂದು ಬೇರಿನ ಎಳೆ ಇಲ್ಲ. ಆ ವೀಡಿಯೋ ಗಿರೀಶನಿಗೆ ಕಳಿಸಿದ್ದೇನೆ, ಅವನ ಹತ್ತಿರ ಹಾಕಿಸಿಕೊಂಡು ನೋಡಿ.

"ಸುಮ್ನೆ ಕಡಿಸಿಬಿಡಿ" ಅಂದಿದ್ದೀರಿ. ಹಾಗೆಲ್ಲ ಕಡಿಯಲು ಇಲ್ಲಿ ಆಗುವುದಿಲ್ಲ. ನಮ್ಮ ಬೀದಿ ಸಂರಕ್ಷಿತ ಪ್ರದೇಶದೊಳಗೆ ಬರುತ್ತದೆ. ದೊಡ್ಡ ಮರವಾದರೆ ಕೊಂಬೆ ಕಡಿಸಲಿಕ್ಕೂ 6 ವಾರ ಮೊದಲು ಕೌನ್ಸಿಲ್‌ಗೆ ಬರೆದು ತಿಳಿಸಬೇಕು. ಬೇಡ ಅನ್ನಿಸಿದರೆ ಅವರು ತಡೆಯಬಹುದು. ಮನೆಯ ಹಿತ್ತಲಿನ ಮರಕ್ಕೂ ಇಷ್ಟು ಕಾವಲು ಇರುವುದು ನನಗಂತೂ ಹಿಡಿಸಿದೆ. ನಮ್ಮಲ್ಲೂ ಕಾನೂನಿದೆ, ನೀವೇ ಆ ಹಲಸಿನ ಮರಕ್ಕೆ ಫಾರೆಸ್ಟ್ ಆಫೀಸಿಗೆ ಓಡಾಡಿದ್ದಿರಿ. ಇನ್ನೊಂದು ವಿಷಯ. ಮನೆಗೆ ಹತ್ತಿರವಿರುವ ದೊಡ್ಡ ವಿಲ್ಲೋವನ್ನು ಒಮ್ಮೆಗೇ ಕಡಿದರೆ, ನೀರು ಹೀರುವವರಿಲ್ಲದೆ ಜೇಡಿಮಣ್ಣು ಮತ್ತೆ ಉಬ್ಬಿ ನೆಲವನ್ನೇ ಎತ್ತಬಹುದು. ಆದ್ದರಿಂದ ತಿಳಿದವರನ್ನು ಕೇಳದೆ ಯಾರೂ ಕೊಡಲಿ ಎತ್ತುವುದಿಲ್ಲ. ನಮಗೆ ಅದರ ಭಯವೂ ಇಲ್ಲ, ಕಡಿಯುವ ಅಗತ್ಯವೂ ಇಲ್ಲ. ಗದ್ದೆ ಮಾರಿ ಈ ಮನೆಗೆ ಹಾಕಿದ ದುಡ್ಡು ಭದ್ರವಾಗಿದೆ ಅಪ್ಪ. ಗೋಡೆಯಲ್ಲಿ ಒಂದು ಕೂದಲೆಳೆಯ ಗೀರು ಕೂಡ ಇಲ್ಲ. ರವಿ ಪ್ರತಿ ತಿಂಗಳೂ ಸುತ್ತು ಹೊಡೆದು ನೋಡುತ್ತಾರೆ.

ಮರವನ್ನು ಹೇಗೆ ನೋಡಿಕೊಳ್ಳುತ್ತೀರಿ ಅಂತ ಅಮ್ಮ ಕೇಳಿದ್ದಾಳೆ. ಈಗ ಎಲೆಯಿಲ್ಲ. ಇಳಿಬಿದ್ದ ಕಡ್ಡಿಗಳೆಲ್ಲ ಹಳದಿಗೆ ತಿರುಗಿವೆ. ಹತ್ತಿರ ಹಿಡಿದು ನೋಡಿದರೆ ಮೊಗ್ಗುಗಳು ಕಡ್ಡಿಗೆ ಒತ್ತಿ ಅಂಟಿಕೊಂಡಿವೆ, ಪ್ರತಿ ಮೊಗ್ಗಿಗೂ ಒಂದೇ ಒಂದು ಸಿಪ್ಪೆ. ಮಾರ್ಚ್‌ನಲ್ಲಿ ಆ ಸಿಪ್ಪೆ ಕಳಚಿ, ಬೇರೆ ಮರಗಳು ಏಳುವ ಮೊದಲೇ ಇದು ಚಿಗುರುತ್ತದೆ. ಎಲೆ ಉದುರಿಸುವುದೂ ತುಂಬಾ ತಡವಾಗಿ. ಎಲೆಯಿಲ್ಲದ ಈ ಚಳಿಗಾಲವೇ ಕೊಂಬೆ ಸವರಲು ಸರಿಯಾದ ಸಮಯ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತುವ ಒಬ್ಬರನ್ನು ಕರೆಸಿ ಒಣಗಿದ್ದನ್ನು, ಒಂದಕ್ಕೊಂದು ಉಜ್ಜುವುದನ್ನು ತೆಗೆಸಿದ್ದೇವೆ. ಇದರ ಕಟ್ಟಿಗೆ ಮೆದು, ಬಿರುಗಾಳಿಗೆ ಬೇಗ ಮುರಿಯುತ್ತದೆ, ಆದ್ದರಿಂದ ಇದೊಂದು ಖರ್ಚು ಬಿಡುವಂತಿಲ್ಲ. ನೆಲಕ್ಕೆ ತಾಗುವ ಕಡ್ಡಿಗಳನ್ನು ಮಾತ್ರ ಹಾಗೇ ಬಿಡಿ ಅಂದೆ. ಚಿನ್ನು ಅದರೊಳಗೆ ಮನೆ ಮಾಡಿಕೊಂಡು ಆಡುತ್ತಾಳೆ.

ಹೋದ ವರ್ಷ ವಸಂತದಲ್ಲಿ ಮಳೆ ಬಿಡಲೇ ಇಲ್ಲ. ಎಲೆಯ ಮೇಲೆ ಕಂದು ಚುಕ್ಕೆ, ಎಳೆ ಕಡ್ಡಿಗಳ ಮೇಲೆ ಕಪ್ಪು ಗಾಯ, ಮೇ ತಿಂಗಳಲ್ಲೇ ಎಲೆ ಉದುರಲು ಶುರು. ಅದೂ ಒಂದು ಬೂಷ್ಟು, ಆಂಥ್ರಾಕ್ನೋಸ್ ಅನ್ನುತ್ತಾರೆ. ಅಡಿಕೆಯ ಕೊಳೆರೋಗದ ಹಾಗೆ ಮಳೆ ಹೆಚ್ಚಾದರೆ ಇದೂ ಹೆಚ್ಚು. ನನಗೆ ಮೊದಲು ಹೊಳೆದದ್ದು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ! ಆದರೆ ಅದನ್ನು ಇಲ್ಲಿ ಮನೆತೋಟಕ್ಕೆ ಮಾರುವುದಿಲ್ಲ. ಬಿದ್ದ ಎಲೆ ಗುಡಿಸಿ ತೆಗೆದೆವು, ಗಾಯವಾದ ಕಡ್ಡಿ ಕತ್ತರಿಸಿದೆವು. ಬಿಸಿಲು ಬಂದ ಮೇಲೆ ತಾನಾಗಿ ಹೊಸ ಎಲೆ ಬಂತು. ಗೊಬ್ಬರ ಹಾಕುವುದಿಲ್ಲ, ನೀರು ಹಾಕುವುದಿಲ್ಲ. ಹೊಸದಾಗಿ ನೆಟ್ಟ ಸಸಿಗೆ ಮೊದಲ ಒಂದೆರಡು ಬೇಸಿಗೆ ನೀರು ಕೊಡಬೇಕು, ಅಷ್ಟೇ.

ಸವರಿದ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದ್ದನ್ನು ಒಂದು ಗೇಣಿನಷ್ಟು ಕತ್ತರಿಸಿ ಚಿನ್ನು ಅಡುಗೆಮನೆ ಕಿಟಕಿಯಲ್ಲಿ ಬಾಟಲಿ ನೀರಿಗೆ ಹಾಕಿದ್ದಾಳೆ. ಆಗಲೇ ಸಿಪ್ಪೆಯಿಂದ ಬಿಳಿ ಗಂಟುಗಳು ಎದ್ದಿವೆ. ಎರಡು ಗಂಟು ಒಡೆದು ಬೇರು ಬಂದಿದೆ, ತುದಿ ಚೂರು ಕೆಂಪು. ಇಷ್ಟು ಸುಲಭವಾಗಿ ಬೇರು ಬಿಡುವ ಮರವನ್ನು ನಾನು ನೋಡಿಲ್ಲ. ಕಡ್ಡಿ ನೆನೆಸಿದ ನೀರನ್ನು ಬೇರೆ ಗಿಡಗಳ ಕಡ್ಡಿಗೂ ಹಾಕುತ್ತಾರೆ, ಬೇಗ ಬೇರು ಬರಲಿ ಅಂತ. ಈ ಸಸಿಗಳನ್ನು ನಮ್ಮ ಹಿತ್ತಲಿನಲ್ಲಿ ನೆಡುವುದಿಲ್ಲ, ಹೆದರಬೇಡಿ. ಊರಾಚೆ ಹೊಳೆಬದಿಯಲ್ಲಿ ತೋಟ ಇರುವ ಒಬ್ಬರು ಕೇಳಿದ್ದಾರೆ. ಪಕ್ಕದ ಮನೆಯ ಚೀನೀ ಅಜ್ಜಿಯೂ ಒಂದು ಕಡ್ಡಿ ಕೇಳಿ ತೆಗೆದುಕೊಂಡು ಹೋದರು. ಇಲ್ಲಿನವರೆಲ್ಲ ತಮ್ಮದೇ ಮರ ಅನ್ನುವ ಇಳಿಬೀಳುವ ವಿಲ್ಲೋದ ಮೂಲ ಜಾತಿಯ ತವರು ಅವರ ದೇಶ. ಹಳದಿ ಕಡ್ಡಿಯ ನಮ್ಮ ಮರದಂಥವು ಅದಕ್ಕೂ ಬಿಳಿ ವಿಲ್ಲೋಗೂ ಹುಟ್ಟಿದ ಮಿಶ್ರತಳಿ. ಹಿಂದೆಲ್ಲ ಅಲ್ಲಿ ದೂರ ಪ್ರಯಾಣ ಹೊರಟವರ ಕೈಗೆ ವಿಲ್ಲೋದ ಒಂದು ರೆಂಬೆ ಮುರಿದು ಕೊಟ್ಟು ಕಳಿಸುತ್ತಿದ್ದರಂತೆ.

ಗಿರೀಶನಿಗೆ ಹೇಳಿ, ಕ್ರಿಕೆಟ್ ಬ್ಯಾಟ್ ಆಗುವುದು ಇದಲ್ಲ, ಇದರ ನೆಂಟ ಬಿಳಿ ವಿಲ್ಲೋ. ಪಕ್ಕದ ಎಸೆಕ್ಸ್ ಕೌಂಟಿಯಲ್ಲಿ ಹೊಳೆಬದಿಗೆ ಸಾಲಾಗಿ ಬೆಳೆಸುತ್ತಾರೆ. ಗಂಟು ಬೀಳಬಾರದು ಅಂತ ಎಳೆ ಕಾಂಡದ ಮೊಗ್ಗನ್ನೆಲ್ಲ ಕೈಯಲ್ಲೇ ಉಜ್ಜಿ ತೆಗೆಯುತ್ತಾರೆ. 15-20 ವರ್ಷಕ್ಕೆ ಕಟಾವು.

ಅಪ್ಪ, ಇದೇ ಬಿಳಿ ವಿಲ್ಲೋದ ಇನ್ನೊಂದು ಸಂಗತಿ ನಿಮಗೋಸ್ಕರ. 1763ರಲ್ಲಿ ಆಕ್ಸ್‌ಫರ್ಡ್‌ಶೈರಿನ ಚಿಪ್ಪಿಂಗ್ ನಾರ್ಟನ್ ಊರಿನ ಎಡ್ವರ್ಡ್ ಸ್ಟೋನ್ ಅನ್ನುವ ಪಾದ್ರಿ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಗೆ ಒಂದು ಪತ್ರ ಬರೆದರು. ಇದರ ತೊಗಟೆ ಒಣಗಿಸಿ ಪುಡಿ ಮಾಡಿ ಸುಮಾರು 50 ಜನಕ್ಕೆ ಕೊಟ್ಟೆ, ಚಳಿಜ್ವರ ಇಳಿಯಿತು ಅಂತ. ತೊಗಟೆಯಲ್ಲಿದ್ದ ಆ ಅಂಶದ ಬೆನ್ನು ಹತ್ತಿ ಹೋದವರಿಂದಲೇ ಮುಂದೆ ಆಸ್ಪಿರಿನ್ ಬಂತು. ನೀವು ಊಟವಾದ ಮೇಲೆ ನುಂಗುವ ಆ ಪುಟ್ಟ ಮಾತ್ರೆ ಅದೇ. ಈಗ ಅದನ್ನು ಕಾರ್ಖಾನೆಯಲ್ಲಿ ಅಳತೆಗೆ ಸರಿಯಾಗಿ ಮಾಡುತ್ತಾರೆ. ಅಮ್ಮ, ಯಾರಾದರೂ ತೊಗಟೆ ಕಷಾಯ ಅಂತ ಹೇಳಿದರೆ ಮಾಡಿ ಕೊಡಬೇಡ. ಡಾಕ್ಟರ್ ಬರೆದ ಮಾತ್ರೆ ಬರೆದ ಹಾಗೇ ಆಗಬೇಕು. ಅಪ್ಪ ಒಂದು ದಿನವೂ ತಪ್ಪಿಸದ ಹಾಗೆ ನೋಡಿಕೋ. ಮಾತ್ರೆ ದುಡ್ಡು ಉಳಿಸುತ್ತಿದ್ದಾರಾ ಅಂತ ಡಬ್ಬಿ ಬಿಚ್ಚಿ ನೋಡಿ ನನಗೆ ಹೇಳು. ನಿಜ ಹೇಳು.

ಚೆಕಪ್ಪಿನ ಖರ್ಚು ಗಿರೀಶನ ಅಕೌಂಟಿಗೆ ಹಾಕಿದ್ದೇನೆ. ಟ್ಯಾಕ್ಸಿಗೂ ಸೇರಿಸಿ. ಬಸ್ಸಿನಲ್ಲಿ ಹೋಗಬೇಡಿ. ನಮಗೆ ಇಲ್ಲಿ ಯಾವ ಕಷ್ಟವೂ ಇಲ್ಲ, ಇಬ್ಬರ ಕೆಲಸವೂ ಚೆನ್ನಾಗಿದೆ, ಮನೆ ಇನ್ಶೂರೆನ್ಸ್ ಇದೆ. ಇನ್ಶೂರೆನ್ಸ್‌ನವರಿಗೆ ಮರದ ವಿಷಯ ಮೊದಲೇ ಬರೆದು ತಿಳಿಸಿದ್ದೇವೆ, ಅವರು ಒಪ್ಪಿದ್ದಾರೆ. ಸರ್ವೇಯರ್ ರಿಪೋರ್ಟ್ ಇದೆ, ಪೈಪಿನ ವೀಡಿಯೋ ಇದೆ. ಮನೆ ಗಟ್ಟಿಯಾಗಿದೆ, ಮರ ಚೆನ್ನಾಗಿದೆ, ನಾವು ಚೆನ್ನಾಗಿದ್ದೇವೆ. ನಿಜವಾಗಿಯೂ ಚೆನ್ನಾಗಿದ್ದೇವೆ. ನೀವು ಮಾತ್ರ ಇದೇ ವಾರ ಶಿವಮೊಗ್ಗಕ್ಕೆ ಹೋಗಿ ಬನ್ನಿ. ಎಕೋ, ಇಸಿಜಿ ಎರಡೂ ಮಾಡಿಸಿ. ಬೆಟ್ಟ ಹತ್ತುವಾಗ ಎದೆ ಬಿಗಿಯುತ್ತೆ ಅಂತ ದೀಪಾವಳಿಯಲ್ಲಿ ಅಂದಿದ್ದಿರಿ, ಅದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಅಮ್ಮ, ನೀನೂ ಒಳಗೆ ಹೋಗಿ ಕೂತು ನೀನೇ ಹೇಳು.

ಶಾರದತ್ತೆ ಮಗಳ ಜಾತಕದ ವಿಷಯಕ್ಕೆ ಬೇರೆ ಬರೆಯುತ್ತೇನೆ. ರವಿ ಪೋಸ್ಟ್ ಹಾಕಲು ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಚಿನ್ನು ಈಜು ಕ್ಲಾಸಿಗೆ ಹೊತ್ತಾಯಿತು ಅಂತ ಕೂಗುತ್ತಿದ್ದಾಳೆ. ರಿಪೋರ್ಟ್ ಬಂದ ಕೂಡಲೇ ಫೋಟೋ ತೆಗೆದು ಕಳಿಸಲು ಗಿರೀಶನಿಗೆ ಹೇಳಿ.

ಇತಿ ನಿಮ್ಮ
ಪುಟ್ಟಿ

ವಿ.ಸೂ.: ಭಾಸ್ಕರನಿಗೆ ಈ ಪತ್ರ ಓದಿ ಹೇಳಿ. ಟ್ಯಾಕ್ಸಿ ಬುಧವಾರಕ್ಕೇ ಹೇಳಿಬಿಡಿ.