ಆ ಒಂದು ವಾರದ ಲೆಕ್ಕ

ಪುಟ್ಟೀ,

ನಿನ್ನೆ ಫೋನಿನಲ್ಲಿ ನೀನು ಜಾಸ್ತಿ ಮಾತಾಡಲಿಲ್ಲ. "ನಾಲ್ಕು ತಿಂಗಳಾಯ್ತಮ್ಮ, ಒಂದು ಲೆಮ್ಮಾ ಕೂಡ ಕೈಗೆ ಸಿಕ್ಕಿಲ್ಲ" ಅಂದೆ. ಲೆಮ್ಮಾ ಅಂದರೆ ದೊಡ್ಡ ಪ್ರಮೇಯಕ್ಕೆ ಹತ್ತುವ ಮೆಟ್ಟಿಲು ಅಂತ ಹೇಳಿಕೊಟ್ಟವಳೂ ನೀನೇ. ನನಗೆ ನಿದ್ದೆ ಬರಲಿಲ್ಲ. ಸುಮ್ನೆ ಎದ್ದು ಕಾಗದದ ಪಟ್ಟಿ ಕತ್ತರಿಸುತ್ತಾ ಕೂತೆ.

ನಿನಗೆ ಹತ್ತು ವರ್ಷ ಇದ್ದಾಗ ನೀನು ಮೋಬಿಯಸ್ ಪಟ್ಟಿ ಮಾಡಿದ್ದೆ, ನೆನಪಿದೆಯಾ? ಒಂದು ತುದಿಯನ್ನು ಅರ್ಧ ಸುತ್ತು ತಿರುಚಿ ಇನ್ನೊಂದಕ್ಕೆ ಅಂಟಿಸಿ, ಉದ್ದಕ್ಕೂ ನಡುವೆ ಕತ್ತರಿಸಿದೆ. ಎರಡು ಬಳೆ ಬೀಳುತ್ತವೆ ಅಂತ ನಾನು ಪಂದ್ಯ ಕಟ್ಟಿದ್ದೆ. ಬಂದಿದ್ದು ಒಂದೇ, ಉದ್ದನೆಯ ಬಳೆ. ನೀನು ಅಷ್ಟಕ್ಕೆ ಬಿಡಲಿಲ್ಲ. ಇನ್ನೊಂದು ಪಟ್ಟಿ ಮಾಡಿ ಅಂಚಿನಿಂದ ಮೂರನೇ ಒಂದು ಪಾಲು ಬಿಟ್ಟು ಕತ್ತರಿಸಿದೆ. ಈ ಸಲ ಎರಡು ಬಳೆ, ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಒಂದು ಚಿಕ್ಕದು, ಇನ್ನೊಂದು ಅದರ ಎರಡರಷ್ಟು. ಮನೆ ತುಂಬಾ ಕಾಗದದ ಚೂರು. ಗುಡಿಸಿದ್ದು ನಾನೇ ಬಿಡು.

ಲಿಸಾ ಪಿಚಿರಿಲೊ ಕಥೆಯನ್ನೂ ನೀನೇ ಹೇಳಿದ್ದು. 2018ರಲ್ಲಿ ಅವಳೂ ನಿನ್ನ ಹಾಗೆ ಗಣಿತದ ಪಿಎಚ್‌ಡಿ ವಿದ್ಯಾರ್ಥಿನಿ, ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ. ಒಂದು ಸಮ್ಮೇಳನದಲ್ಲಿ ಕಾನ್ವೇ ಗಂಟಿನ ವಿಷಯ ಕಿವಿಗೆ ಬಿತ್ತು. ಎರಡು ತುದಿ ಸೇರಿಸಿದ ಎಳೆ ತನ್ನನ್ನೇ 11 ಕಡೆ ದಾಟುವ ಗಂಟು. ನಾಲ್ಕನೇ ಆಯಾಮಕ್ಕೆ ಹೋದರೆ ಅದು ಒಂದು ನಯವಾದ ಬಿಲ್ಲೆಯ ಅಂಚಾಗಬಲ್ಲದೇ? ಸುಮಾರು 50 ವರ್ಷದಿಂದ ಯಾರಿಗೂ ಗೊತ್ತಿರಲಿಲ್ಲ. ಅವಳು ಬಿಡುವಿನ ಹೊತ್ತಿನಲ್ಲಿ ಕೂತು, ಒಂದು ವಾರದೊಳಗೆ 'ಆಗಲ್ಲ' ಅಂತ ಸಾಧಿಸಿಬಿಟ್ಟಳು.

ಆ ಒಂದು ವಾರ ಕೇಳಿಯೇ ನಾನು ಬೆರಗಾಗಿದ್ದೆ. ನೀನು ಮಾತ್ರ ಮೂಗು ಮುರಿದೆ. ಅವಳು ಕಾನ್ವೇ ಗಂಟನ್ನು ನೇರವಾಗಿ ಮುಟ್ಟಲೇ ಇಲ್ಲ ಅಂದೆ. ಅದರದ್ದೇ 'ಟ್ರೇಸ್' (ಗಂಟಿನಿಂದ ಕಟ್ಟುವ ನಾಲ್ಕು ಆಯಾಮದ ಒಂದು ಆಕಾರ) ಇರುವ ಇನ್ನೊಂದು ಗಂಟು ಕಟ್ಟಿ, ಅದನ್ನು ಪರೀಕ್ಷೆ ಮಾಡಿದಳು. ಟ್ರೇಸ್ ಒಂದೇ ಆದರೆ ಬಿಲ್ಲೆಯ ಪ್ರಶ್ನೆಗೆ ಎರಡೂ ಗಂಟಿನ ಉತ್ತರ ಒಂದೇ. ಅಂಥ ಜೋಡಿ ಕಟ್ಟುವ ಕೆಲಸಕ್ಕೆ ಅವಳ ಕೈ ಮೊದಲೇ ಪಳಗಿತ್ತು. ಹಾಗಾದರೆ ಆ ವಾರವನ್ನು ಎಲ್ಲಿಂದ ಎಣಿಸಬೇಕು, ಹೇಳು? ನಿನ್ನ ನಾಲ್ಕು ತಿಂಗಳಿಗೂ ಅದೇ ಲೆಕ್ಕ ಹಾಕು. ಹೊಡೆದು ಹಾಕಿದ ಚಿತ್ರಗಳಿರುವ ಆ ನೋಟ್‌ಬುಕ್ ಎಸೆಯಬೇಡ.

ಅಂದಹಾಗೆ, ರಾತ್ರಿ ನಾನು ಮೂರು ಸಲ ಅರ್ಧರ್ಧ ಸುತ್ತು ತಿರುಚಿ, ಅಂಟಿಸಿ, ನಡುವೆ ಕತ್ತರಿಸಿದೆ. ಒಂದೇ ಬಳೆ ಬಂತು, ಆದರೆ ಅದಕ್ಕೆ ಗಂಟು ಬಿದ್ದಿದೆ. ಎಷ್ಟು ಎಳೆದಾಡಿದರೂ ಬಿಚ್ಚುತ್ತಿಲ್ಲ. ನಾನೇ ತಪ್ಪು ಮಾಡಿದೆನಾ, ಅಥವಾ ಅದು ಇರೋದೇ ಹಾಗಾ? ಮೇಜಿನ ಮೇಲೆ ಹಾಗೇ ಇಟ್ಟಿದ್ದೇನೆ. ಬಂದಾಗ ನೋಡು.

ನಿನ್ನ ಅಮ್ಮ