ಎಣ್ಣೆ ಸಿಕ್ಕ ಊರಿನ ಬಡತನ

ಮಾನ್ಯರೇ,

ನೈಜೀರಿಯಾದ ನೈಜರ್ ಡೆಲ್ಟಾದಲ್ಲಿರುವ ಒಲೊಯ್ಬಿರಿಯಲ್ಲಿ ಕಚ್ಚಾತೈಲ ಸಿಕ್ಕಿದ್ದು 1956ರಲ್ಲಿ. ಆ ಬಾವಿಗಳು ನಿಂತು ದಶಕಗಳೇ ಆದವು, ಊರಿನ ಬಡತನ ಮಾತ್ರ ಹೋಗಲಿಲ್ಲ. ಡೆಲ್ಟಾದ ಎಷ್ಟೋ ಕಡೆ ಸೋರಿದ ಎಣ್ಣೆ ಮೀನನ್ನೂ ತಿಂದಿತು, ಮರಗೆಣಸಿನ ಹೊಲವನ್ನೂ ತಿಂದಿತು. ಇದನ್ನು ಪ್ರಶ್ನಿಸಿದ ಒಗೊನಿ ಜನರ ನಾಯಕ, ಲೇಖಕ ಕೆನ್ ಸಾರೊ-ವಿವಾ ಅವರನ್ನು 1995ರಲ್ಲಿ ಸೇನಾ ಸರ್ಕಾರ ಗಲ್ಲಿಗೇರಿಸಿತು. ಮುಂದೆ ಹುಡುಗರು ಬಂದೂಕು ಹಿಡಿದರು.

ಯೋಜನೆಗಳೇ ಇರಲಿಲ್ಲ ಅಂತಲ್ಲ. 2000ರಲ್ಲಿ ಅಭಿವೃದ್ಧಿ ಆಯೋಗ ಬಂತು. 2009ರಲ್ಲಿ ಬಂದೂಕು ಕೆಳಗಿಟ್ಟವರಿಗೆ ಕ್ಷಮಾದಾನ, ತಿಂಗಳ ಭತ್ಯೆ, ತರಬೇತಿ ಕೊಟ್ಟರು. ಗಲಾಟೆ ತಗ್ಗಿತು, ನಿಜ. ಆದರೆ ಬಂದೂಕನ್ನೇ ಮುಟ್ಟದ ಮೀನು ಮಾರುವ ಹೆಂಗಸಿಗೆ ಏನು ಸಿಕ್ಕಿತು?

2021ರ ಪೆಟ್ರೋಲಿಯಂ ಕಾಯ್ದೆ ಸ್ವಲ್ಪ ಆಸೆ ಹುಟ್ಟಿಸಿದೆ. ಕಂಪನಿಗಳು ಹಿಂದಿನ ವರ್ಷದ ನಿರ್ವಹಣಾ ವೆಚ್ಚದ ಶೇ 3ರಷ್ಟನ್ನು ಊರವರ ಟ್ರಸ್ಟಿಗೆ ಕೊಡಲೇಬೇಕು. ಅದರಲ್ಲೂ ಒಂದು ಕೊಕ್ಕೆ ಇದೆ. ಆ ಊರಲ್ಲಿ ಯಾರಾದರೂ ಪೈಪ್ ಒಡೆದರೆ ರಿಪೇರಿ ಖರ್ಚನ್ನು ಊರಿನ ಪಾಲಿನಿಂದಲೇ ಮುರಿದುಕೊಳ್ಳಬಹುದು. ಒಡೆದವನು ಯಾರೋ, ದಂಡ ಊರಿಗೆಲ್ಲ! ಇದು ಅನ್ಯಾಯ ಅಲ್ವಾ? ಮೊದಲು ಆ ಕಲಂ ತೆಗೆಯಲಿ. ಟ್ರಸ್ಟಿನಲ್ಲಿ ಹೆಂಗಸರನ್ನೂ ಕೂರಿಸಲಿ. ಕುಡಿಯುವ ನೀರಿಗಾಗಿ ದಿನಾ ಅಲೆಯುವವರು ಅವರೇ.

– ಒಬ್ಬ ಓದುಗ, ಧಾರವಾಡ