ಕಡಲ ದಂಡೆಯ ಮಕ್ಕಳಿಗೂ ಕುದುರೆ ಸವಾರಿ ಕಲಿಯುವ ದಾರಿಯಾಗಲಿ

ಮಾನ್ಯ ಸಂಪಾದಕರಿಗೆ,

ನಾನು ಹೊನ್ನಾವರ ತಾಲ್ಲೂಕಿನ ಮೀನುಗಾರರ ಕೇರಿಯೊಂದರ ಹುಡುಗಿ. ಈಗ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಕುದುರೆ ಸವಾರಿಯನ್ನು ಕ್ರಮವಾಗಿ ಕಲಿಯಬೇಕೆಂಬುದು ನನ್ನ ಬಹುಕಾಲದ ಆಸೆ. ಅದು ನನ್ನೊಬ್ಬಳ ಆಸೆಯಷ್ಟೇ ಆಗಿದ್ದರೆ ಪತ್ರಿಕೆಯಲ್ಲಿ ಜಾಗ ಕೇಳುತ್ತಿರಲಿಲ್ಲ. ಸರ್ಕಾರದ ಖರ್ಚಿನಲ್ಲಿಯೇ ಸಾಕುತ್ತಿರುವ ಕುದುರೆಗಳೂ ಕಲಿಸಬಲ್ಲ ತರಬೇತುದಾರರೂ ನಮ್ಮ ರಾಜ್ಯದಲ್ಲಿ ಈಗಾಗಲೇ ಇರುವಾಗ, ದೂರದ ಜಿಲ್ಲೆಗಳ ಬಡ ಮನೆಗಳ ಮಕ್ಕಳಿಗೆ ಬೇಸಿಗೆ ರಜೆಯ ಕೆಲವು ವಾರಗಳಾದರೂ ಆ ಕಲಿಕೆ ಸಿಗುವಂತೆ ಮಾಡಬಾರದೇಕೆ ಎಂದು ಕೇಳುವುದಕ್ಕಾಗಿ ಬರೆಯುತ್ತಿದ್ದೇನೆ.

ಮಳೆಗಾಲ ಕಳೆದು ಪ್ರವಾಸಿಗರು ಬರತೊಡಗಿದ ಮೇಲೆ ನಮ್ಮ ಕಡೆಯ ಕಡಲತೀರಗಳಿಗೆ ಬಾಡಿಗೆ ಸವಾರಿಯ ಕುದುರೆಗಳೂ ಬರುತ್ತವೆ. ಹಾಗೆ ಬಯಲುಸೀಮೆಯಿಂದ ಬಂದಿದ್ದ ಹಿರಿಯರೊಬ್ಬರು, ಹಣ ಕೊಟ್ಟು ಕೂರುವ ಗಿರಾಕಿ ನಾನಲ್ಲವೆಂದು ಗೊತ್ತಿದ್ದರೂ, ತಮ್ಮ ಕುದುರೆಯ ಹತ್ತಿರ ನನ್ನನ್ನು ಬಿಟ್ಟುಕೊಂಡರು. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ನೇರ ಹಿಂದೆ ನಿಂತವರು ಅದಕ್ಕೆ ಕಾಣುವುದಿಲ್ಲ, ಆದ್ದರಿಂದ ಮಾತನಾಡಿಸುತ್ತ ಭುಜದ ಪಕ್ಕದಿಂದಲೇ ಹೋಗಬೇಕು. ತಿನ್ನಿಸುವಾಗ ಬೆರಳುಗಳನ್ನು ಮಡಚದೆ ಅಂಗೈಯನ್ನು ಚಪ್ಪಟೆಯಾಗಿ ಹಿಡಿಯಬೇಕು. ಕಿವಿಗಳನ್ನು ಹಿಂದಕ್ಕೆ ಒತ್ತಿಕೊಂಡರೆ ಅದಕ್ಕೆ ಸಿಟ್ಟು ಬಂದಿದೆಯೆಂದು ತಿಳಿಯಬೇಕು. ಇವು ಅವರು ಕಲಿಸಿದ ಮೊದಲ ಪಾಠಗಳು. ಸಂಜೆ ಪ್ರವಾಸಿಗರು ಚದುರಿದ ಮೇಲೆ ಜೀನು ಇಳಿಸಿ, ಪಟ್ಟಿ ಬಿಗಿದಿದ್ದ ಜಾಗದ ಬೆವರನ್ನು ಒರೆಸುವುದಕ್ಕೂ ಗೊರಸಿನ ಒಳಗೆ ಸಿಕ್ಕಿಕೊಂಡ ಮರಳನ್ನು ಕೆದಕಿ ತೆಗೆಯುವುದಕ್ಕೂ ನನಗೆ ಅವಕಾಶ ಕೊಟ್ಟರು. ಇಷ್ಟು ದೊಡ್ಡ ಪ್ರಾಣಿ ತನ್ನ ಕಾಲನ್ನು ಎತ್ತಿ ನನ್ನ ಕೈಯಲ್ಲಿ ಇಡುತ್ತದೆ, ನಾನು ಕೆಲಸ ಮುಗಿಸುವವರೆಗೂ ಕಾಯುತ್ತದೆ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚಿನದಾಗಿ ಕಂಡಿತು. ನೊಣವೊಂದು ಕೂತರೂ ಆ ಜಾಗದ ಚರ್ಮ ಅದುರುತ್ತದೆ. ಅಷ್ಟು ಸೂಕ್ಷ್ಮವಾದ ಮೈಯ ಮೇಲೆ ಕೂತವರ ಭಾರ ತುಸು ಆಚೀಚೆ ಸರಿದರೂ ಅದು ಕುದುರೆಗೆ ಒಂದು ಸೂಚನೆಯೇ ಆಗುತ್ತದೆ ಎಂಬುದು ಆಗ ನನಗೆ ಅರ್ಥವಾಯಿತು.

ಲಗಾಮನ್ನು ಇನ್ನೊಬ್ಬರು ಹಿಡಿದು ನಡೆಸುವ ಕುದುರೆಯ ಮೇಲೆ ಕೂತು ಬರುವುದು ಸವಾರಿಯಲ್ಲ. ನಡಿಗೆಯಲ್ಲಿ ಕುದುರೆಯ ನಾಲ್ಕು ಕಾಲುಗಳು ಒಂದೊಂದಾಗಿ ನೆಲ ಮುಟ್ಟುತ್ತವೆ. ಟ್ರಾಟ್ ಎಂಬ ಕುಲುಕು ಓಟದಲ್ಲಿ ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬೀಳುವುದರಿಂದ ಸವಾರರು ಆ ಎರಡು ಬಡಿತಕ್ಕೆ ಸರಿಯಾಗಿ ಏಳುತ್ತ ಕೂರುತ್ತ ಇರಬೇಕು. ಅದಕ್ಕಿಂತ ವೇಗದ ಕ್ಯಾಂಟರ್ ಎಂಬ ಓಟದಲ್ಲಿ ಮೂರು ಬಡಿತ. ಇದನ್ನೆಲ್ಲ ನಾನು ಓದಿ, ವಿಡಿಯೊಗಳನ್ನು ನೋಡಿ ತಿಳಿದುಕೊಂಡಿದ್ದೇನೆ. ಆದರೆ ದಡದಲ್ಲಿ ನಿಂತು ಈಜು ಕಲಿತವರು ನಮ್ಮ ಕೇರಿಯಲ್ಲಿ ಯಾರೂ ಇಲ್ಲ. ಸೊಂಟ ಸಡಿಲವಾಗಿರಬೇಕು, ಹಿಮ್ಮಡಿ ಕೆಳಗಿರಬೇಕು, ಕಡಿವಾಣ ಕುದುರೆಯ ಬಾಯನ್ನು ನೋಯಿಸದಷ್ಟು ಹಗುರವಾಗಿ ಕೈ ಇರಬೇಕು ಎಂಬುದನ್ನು ಮೈ ಕಲಿಯುವುದು ತಿಳಿದವರ ಕಣ್ಣೆದುರು, ಪಳಗಿದ ಕುದುರೆಯ ಮೇಲೆ ಮಾತ್ರ.

ನನ್ನ ಅಪ್ಪ ಮೀನುಗಾರಿಕೆಯ ಬೋಟಿನಲ್ಲಿ ಕೆಲಸ ಮಾಡುತ್ತಾರೆ; ಅಮ್ಮ ಮೀನು ಮಾರುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳ ಮನೆಖರ್ಚಿಗೂ, ಅದೇ ಸಮಯಕ್ಕೆ ಬರುವ ಕಾಲೇಜಿನ ಶುಲ್ಕಕ್ಕೂ ಏಪ್ರಿಲ್, ಮೇ ತಿಂಗಳಲ್ಲಿಯೇ ಹಣ ಕೂಡಿಡಬೇಕು. ಬೆಂಗಳೂರಿನ ಸವಾರಿ ಶಾಲೆಯೊಂದಕ್ಕೆ ಫೋನ್ ಮಾಡಿ ವಿಚಾರಿಸಿದಾಗ ಅವರು ಸೌಜನ್ಯದಿಂದಲೇ ಉತ್ತರಿಸಿದರು. ಆದರೆ ಅವರು ಹೇಳಿದ ಶುಲ್ಕಕ್ಕೆ ಬಸ್ಸಿನ ಖರ್ಚು, ಉಳಿದುಕೊಳ್ಳುವ ಖರ್ಚು, ಹೆಲ್ಮೆಟ್ ಮತ್ತು ಬೂಟಿನ ಬೆಲೆಯನ್ನು ಸೇರಿಸಿದರೆ ಅದು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಹ ಮೊತ್ತವಾಗಿರಲಿಲ್ಲ. "ಎಂತಕ್ಕೆ ಬೇಕು ಮಗಾ ಅದೆಲ್ಲ?" ಎಂದು ಅಮ್ಮ ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಮಾತನಾಡದಿದ್ದ ಅಪ್ಪ ಮರುದಿನ ಬೋಟಿನಿಂದ ಬಂದ ಮೇಲೆ "ಎಷ್ಟಾಗ್ತದಂತೆ?" ಎಂದು ಮೆಲ್ಲಗೆ ವಿಚಾರಿಸಿದರು. ನಾನು ಲೆಕ್ಕ ಹೇಳಲಿಲ್ಲ.

ಸವಾರಿ ಶಾಲೆಗಳು ಹೆಚ್ಚು ಹಣ ಕೇಳುತ್ತವೆಂದು ನಾನು ದೂರುತ್ತಿಲ್ಲ. ನಾಲ್ಕೈದು ನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ 8ರಿಂದ 10 ಕಿಲೋ ಒಣಮೇವು ಬೇಕು, 25 ಲೀಟರಿಗೂ ಹೆಚ್ಚು ನೀರು ಬೇಕು. ಆರೆಂಟು ವಾರಗಳಿಗೊಮ್ಮೆ ಗೊರಸು ಸವರಿ ಲಾಳ ಬದಲಿಸಬೇಕು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ; ಹೊಟ್ಟೆನೋವು ಬಂದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೇ ಅಪಾಯವಾಗಬಹುದು, ಹಾಗಾಗಿ ಕುದುರೆಯನ್ನು ಬಲ್ಲ ವೈದ್ಯರು ಹತ್ತಿರದಲ್ಲಿರಬೇಕು. ಸವಾರಿ ನಡೆದರೂ ನಡೆಯದಿದ್ದರೂ ಈ ಖರ್ಚು ನಿಲ್ಲುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ತಿಂಗಳುಗಟ್ಟಲೆ ಒದ್ದೆ ನೆಲದಲ್ಲಿ ನಿಂತರೆ ಗೊರಸು ಕೊಳೆಯುವ ಭಯ ಬೇರೆ. ಆದ್ದರಿಂದಲೇ ಹೊನ್ನಾವರಕ್ಕೊಂದು, ಕಾರವಾರಕ್ಕೊಂದು ಸವಾರಿ ಶಾಲೆ ತೆರೆಯಿರಿ ಎಂದು ನಾನು ಕೇಳುವುದಿಲ್ಲ. ಆರಂಭದ ಉತ್ಸಾಹದಲ್ಲಿ ತಂದು, ಆಮೇಲೆ ಅನುದಾನವಿಲ್ಲವೆಂದು ಕುದುರೆಗಳನ್ನು ಅರೆಹೊಟ್ಟೆಯಲ್ಲಿ ಕಟ್ಟಿಹಾಕುವುದಕ್ಕಿಂತ ತರದಿರುವುದೇ ಮೇಲು.

ಕುದುರೆಗಳಿರುವಲ್ಲಿಗೆ ನಮ್ಮನ್ನು ಕರೆದುಕೊಂಡು ಹೋದರೆ ಸಾಕು. ದಸರಾ ಮೆರವಣಿಗೆಯಲ್ಲಿ ನಾಡಿನ ಜನರೆಲ್ಲ ನೋಡುವ ಪೊಲೀಸ್ ಇಲಾಖೆಯ ಅಶ್ವಾರೋಹಿ ದಳ ಮೈಸೂರಿನಲ್ಲಿದೆ. ಬೇಸಿಗೆಯಲ್ಲಿ ಅಲ್ಲಿ ಸಾರ್ವಜನಿಕರ ಮಕ್ಕಳಿಗೂ ಸವಾರಿ ಶಿಬಿರಗಳು ನಡೆದಿವೆ. ಬೆಂಗಳೂರಿನಲ್ಲಿ ಎನ್‌ಸಿಸಿಯ ರಿಮೌಂಟ್ ಅಂಡ್ ವೆಟರ್ನರಿ ಸ್ಕ್ವಾಡ್ರನ್ ಇದೆ. ಅಲ್ಲಿ ಕೆಡೆಟ್‌ಗಳು ಕಾಲೇಜು ಓದುತ್ತಲೇ ಸವಾರಿಯನ್ನೂ ಕುದುರೆಗಳ ಆರೈಕೆಯನ್ನೂ ಕಲಿಯುತ್ತಾರೆ. ಈ ಎರಡೂ ಅವಕಾಶಗಳು ಸಿಗುವುದು ಆಯಾ ಊರಿನಲ್ಲಿ ಇರುವವರಿಗೆ, ಇಲ್ಲವೇ ಅಲ್ಲಿ ಮನೆ ಮಾಡಿಕೊಂಡು ಉಳಿಯಬಲ್ಲವರಿಗೆ. ಕಾರವಾರದಿಂದ ಬೆಂಗಳೂರಿಗೆ 500 ಕಿಲೋಮೀಟರಿಗೂ ಹೆಚ್ಚು ದೂರವಿದೆ. ಬೆಳಿಗ್ಗೆ ಆರು ಗಂಟೆಯ ಸವಾರಿ ಪಾಠಕ್ಕೆ ಇಲ್ಲಿಂದ ಹೋಗಿ ಬರುವುದು ಸಾಧ್ಯವಿಲ್ಲ.

ರಜೆಯಲ್ಲಿ ವಿದ್ಯಾರ್ಥಿಗಳು ಊರಿಗೆ ಹೋದಾಗ ಮೈಸೂರು, ಬೆಂಗಳೂರಿನ ಸರ್ಕಾರಿ ವಿದ್ಯಾರ್ಥಿನಿಲಯಗಳಲ್ಲಿ ಕೋಣೆಗಳು ಖಾಲಿಯಾಗುತ್ತವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಪೊಲೀಸ್ ಇಲಾಖೆಯೊಂದಿಗೆ ಮಾತನಾಡಿ, ಪ್ರತಿ ಬೇಸಿಗೆಯಲ್ಲಿ ಒಂದು ವಸತಿ ಶಿಬಿರವನ್ನು ಉತ್ತರ ಕನ್ನಡದಂತಹ ದೂರದ ಜಿಲ್ಲೆಗಳ ಸರ್ಕಾರಿ ಶಾಲಾ ಕಾಲೇಜುಗಳ ಮಕ್ಕಳಿಗೆಂದೇ ಮೀಸಲಿಡಲಿ. ಜಿಲ್ಲೆಗೆ ಹತ್ತು ಮಕ್ಕಳಾದರೂ ಸಾಕು. ಹೊಸಬರನ್ನು ಹೊತ್ತು ಕುದುರೆಗಳು ದಣಿಯಬಾರದು. ಹೆಲ್ಮೆಟ್‌ಗಳನ್ನು ಶಿಬಿರದಲ್ಲಿಯೇ ಇಟ್ಟು ವರ್ಷ ವರ್ಷವೂ ಬಳಸಬಹುದು. ಶುಲ್ಕದ ಬದಲಿಗೆ ನಮ್ಮಿಂದ ಕೆಲಸ ತೆಗೆದುಕೊಳ್ಳಲಿ: ಲಾಯ ಗುಡಿಸುವುದು, ಲದ್ದಿ ಎತ್ತುವುದು, ನೀರು ಹೊರುವುದು, ಮೈ ಉಜ್ಜುವುದು. ಇದನ್ನು ಕರುಣೆ ಬೇಡುವ ಮಾತೆಂದು ದಯವಿಟ್ಟು ಓದಬೇಡಿ. ಈ ಕೆಲಸಗಳನ್ನು ಮಾಡದವರಿಗೆ ಕುದುರೆಯ ಮೇಲೆ ಹತ್ತುವ ಹಕ್ಕು ಪೂರ್ತಿ ಬರುವುದಿಲ್ಲವೆಂದು ನಾನು ನಿಜವಾಗಿಯೂ ನಂಬಿದ್ದೇನೆ.

ಬೀಳುವ ಅಪಾಯವಿದೆ ಎಂದು ಹೇಳುವವರಿದ್ದಾರೆ. ಇದೆ, ನಿಜ. ವೈದ್ಯರ ಪ್ರಮಾಣಪತ್ರ, ಪೋಷಕರ ಒಪ್ಪಿಗೆ, ವಿಮೆ ಎಲ್ಲವೂ ಬೇಕು.

ಕಡಲ ಮಕ್ಕಳಿಗೆ ಕುದುರೆಯ ಹುಚ್ಚೇಕೆ ಎಂದು ಕೇಳುವವರ ಮಾತು ಮಾತ್ರ ನನ್ನನ್ನು ಹೆಚ್ಚು ನೋಯಿಸುತ್ತದೆ, ಏಕೆಂದರೆ ಅದು ನಮ್ಮ ಊರಿನ ಚರಿತ್ರೆಗೇ ವಿರುದ್ಧವಾದ ಮಾತು. ವಿಜಯನಗರದ ಸೈನ್ಯಕ್ಕೆ ಬೇಕಾದ ಅರಬ್ ಮತ್ತು ಪರ್ಷಿಯಾದ ಕುದುರೆಗಳು ಹಡಗುಗಳಲ್ಲಿ ಬಂದು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಹೊನ್ನಾವರವೂ ಇದ್ದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಈ ಕುದುರೆ ವ್ಯಾಪಾರವನ್ನು ತಮ್ಮ ಮುಷ್ಟಿಯಲ್ಲಿ ಇಟ್ಟುಕೊಳ್ಳಲು ಬಹಳ ಹೆಣಗಿದರು; ಕರಾವಳಿಯ ರಾಜಕಾರಣವೇ ಅದರಿಂದ ಬದಲಾಯಿತು. ವಾರಗಟ್ಟಲೆ ಕಡಲಿನಲ್ಲಿ ತೂಗಾಡಿ ಬಳಲಿ ಬಂದ ಆ ಪ್ರಾಣಿಗಳನ್ನು ಇಲ್ಲಿ ಇಳಿಸಿ, ಮೇವು ನೀರು ಕೊಟ್ಟು ಚೇತರಿಸಿ, ಘಟ್ಟ ಹತ್ತಿಸಿ ಕಳುಹಿಸಿದ ಕೈಗಳಲ್ಲಿ ಈ ದಂಡೆಯ ಜನರ ಕೈಗಳೂ ಇದ್ದಿರಲೇಬೇಕು. ಘಟ್ಟದ ಮೇಲೆ ಶಿರಸಿಯ ಹತ್ತಿರದ ಸೋಂದೆಯಲ್ಲಿ ವಾದಿರಾಜರು ಆರಾಧಿಸಿದ ಹಯಗ್ರೀವನದು ಕುದುರೆಯ ಮುಖವೇ ತಾನೆ?

ಕುದುರೆ ಸವಾರಿ ಶ್ರೀಮಂತರ ಆಟ ಎನ್ನುವ ಮಾತಿನಲ್ಲಿ ಸತ್ಯವಿದೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ವೈಯಕ್ತಿಕ ವಿಭಾಗದಲ್ಲಿಯೂ ತಂಡದೊಂದಿಗೂ ಬೆಳ್ಳಿ ಗೆದ್ದು, ಮುಂದೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿಯೂ ಸ್ಪರ್ಧಿಸಿದರು. 2023ರಲ್ಲಿ ಹಾಂಗ್‌ಝೌನಲ್ಲಿ ಇಬ್ಬರು ಯುವತಿಯರೂ ಇಬ್ಬರು ಯುವಕರೂ ಇದ್ದ ನಮ್ಮ ಡ್ರೆಸಾಜ್ (ಸವಾರರ ಸೂಚನೆಯಂತೆ ಕುದುರೆ ನಿಗದಿತ ನಡೆಗಳನ್ನು ತೋರಿಸುವ ಸ್ಪರ್ಧೆ) ತಂಡ ಚಿನ್ನ ಗೆದ್ದಾಗ, ಏಷ್ಯನ್ ಕ್ರೀಡಾಕೂಟದ ಕುದುರೆ ಸವಾರಿಯಲ್ಲಿ ಭಾರತಕ್ಕೆ 41 ವರ್ಷಗಳ ನಂತರ ಚಿನ್ನ ಬಂದಿತು. ಹೆಣ್ಣು ಗಂಡೆಂಬ ಭೇದವಿಲ್ಲದೆ ಒಂದೇ ಕಣದಲ್ಲಿ ಸ್ಪರ್ಧಿಸುವ ಈ ಕ್ರೀಡೆಯನ್ನು ನೋಡಿ ನನಗಾದ ಸಂತೋಷವನ್ನು ಹೇಳಲಾರೆ. ಅಂತಹ ಸವಾರರು ವರ್ಷಗಟ್ಟಲೆ ಯುರೋಪಿನಲ್ಲಿ ತರಬೇತಿ ಪಡೆದವರು. ಅಷ್ಟು ದೂರದ ಕನಸು ನನಗಿಲ್ಲ. ಪಶುವೈದ್ಯಳಾಗಬೇಕು, ಕುದುರೆಗಳ ನಡುವೆ ಕೆಲಸ ಮಾಡಬೇಕು ಎಂದಿದೆ. ಸೈನ್ಯದ ಪಶುವೈದ್ಯ ದಳ, ಅಶ್ವಾರೋಹಿ ಪೊಲೀಸ್, ಕುದುರೆ ಸಾಕಣೆ ಕೇಂದ್ರಗಳು, ಸವಾರಿ ಶಾಲೆಗಳು ಇವೆಲ್ಲವೂ ದುಡಿಮೆಯ ಜಾಗಗಳೇ ಆಗಿದ್ದು, ಅಲ್ಲಿಗೆ ಹೋಗಲು ಬಡವರ ಮಕ್ಕಳಿಗೆ ಮೊದಲ ಮೆಟ್ಟಿಲು ಬೇಕು.

ಮೊದಲ ಮೆಟ್ಟಿಲನ್ನು ಸರ್ಕಾರ ಕಟ್ಟಿಕೊಟ್ಟ ಉದಾಹರಣೆ ನಮ್ಮ ಜಿಲ್ಲೆಯಲ್ಲಿಯೇ ಇದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಇಲ್ಲಿನ ಕಾಡಿನ ಅಂಚಿನ ಊರುಗಳಿಂದ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ, ವಸತಿ ಮತ್ತು ಶಾಲೆಯೊಂದಿಗೆ ಅಥ್ಲೆಟಿಕ್ಸ್ ತರಬೇತಿ ನೀಡಿತು. ಅವರಲ್ಲಿ ಕೆಲವರು ದೇಶಕ್ಕಾಗಿ ಓಡಿದರು. ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತುಹೋದಾಗ ಅರ್ಧದಲ್ಲಿ ಮನೆಗೆ ಮರಳಿದವರೂ ಇದ್ದಾರೆ. ಹಾಗಾಗಿ ಆರಂಭಿಸುವುದು ಚಿಕ್ಕದಾಗಿದ್ದರೂ ನಿಲ್ಲಿಸದೆ ನಡೆಸುವಂತಿರಬೇಕು ಎಂದು ಅಧಿಕಾರಿಗಳನ್ನು ವಿನಂತಿಸುತ್ತೇನೆ.

ಮೈಸೂರಿನ ಬೇಸಿಗೆ ಶಿಬಿರಗಳ ಸುದ್ದಿ ನಮ್ಮ ಕಡೆಗೆ ತಲುಪುವುದು, ತಲುಪಿದರೆ, ಅವು ಮುಗಿದ ಮೇಲೆ. ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯು ಜನವರಿ, ಫೆಬ್ರವರಿಯಲ್ಲಿಯೇ ಶಿಬಿರದ ಮಾಹಿತಿ ತರಿಸಿಕೊಂಡು, ಅರ್ಜಿ ನಮೂನೆಯನ್ನು ಭಟ್ಕಳದಿಂದ ಜೋಯಿಡಾದವರೆಗಿನ ಎಲ್ಲ ಸರ್ಕಾರಿ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ನೋಟಿಸ್ ಬೋರ್ಡಿಗೆ ಕಳುಹಿಸಲಿ. ವಸತಿಯ ವಿಷಯದಲ್ಲಿ ಪೊಲೀಸ್ ಮತ್ತು ಕ್ರೀಡಾ ಇಲಾಖೆಗಳ ಉತ್ತರವೇನೆಂದು ತಮ್ಮ ಪತ್ರಿಕೆಯೂ ಕೇಳಿ ಪ್ರಕಟಿಸಬೇಕಾಗಿ ಕೋರುತ್ತೇನೆ.

ಇಂತಿ,
ಪ್ರಥಮ ಪಿಯುಸಿ ವಿದ್ಯಾರ್ಥಿನಿ,
ಹೊನ್ನಾವರ ತಾಲ್ಲೂಕು, ಉತ್ತರ ಕನ್ನಡ